ಸೋದರಮಾವ ಆಫ್‌ಲೈನ್

ಮದುವೆಯಾಗಿ ಆರು ತಿಂಗಳಿಗೆ ವಿಡಿಯೋ ಕೊಟ್ಟಿದ್ದೆ. ನಮ್ಮ ಕಸುಬಿನಲ್ಲಿ ಇದು ಬೇಗ ಕೊಟ್ಟ ಲೆಕ್ಕ. ಮೊದಲ ಮಗುವಿನ ನಾಮಕರಣಕ್ಕೆ ಮುಂಚೆ ಕೈಗಿಟ್ಟರೆ ಪಾರ್ಟಿಯವರು ಗೊಣಗುವುದಿಲ್ಲ. ಪೆನ್‌ಡ್ರೈವ್ ತಲುಪಿದ ಮೂರನೇ ದಿನ ಹುಡುಗಿಯ ತಂದೆ ಫೋನ್ ಮಾಡಿದರು.

"ಏನಪ್ಪಾ, ನಮ್ಮ ಭಾಮೈದ ಎಲ್ಲಿ?"

ಭಾಮೈದನನ್ನು ನಾನೇ ಎಲ್ಲೋ ಕೂಡಿಹಾಕಿದ್ದೇನೆ ಎನ್ನುವ ಧಾಟಿ.

"ಮನೆಮಂದಿಯೆಲ್ಲ ಟೀವಿ ಮುಂದೆ ಕೂತಿದ್ದೀವಿ. ಮಗಳು ರೂಮಲ್ಲಿ ಸೆರಗು ಸರಿ ಮಾಡ್ಕೊಂಡು ಎದ್ದು ನಿಲ್ತಾಳೆ. ಇನ್ನೇನು ಸೋದರಮಾವ ಬಂದು ಎತ್ಕೊಂಡು ಹೋಗ್ಬೇಕು. ಆಗ ನೀನು ವಡೆ ತೋರಿಸ್ತೀಯ."

"ವಡೆನಾ?"

"ವಡೆ ಕಣಯ್ಯಾ. ಬಾಣಲೇಲಿ ವಡೆ. ಆಮೇಲೆ ಪಾಯಸದ ಕೊಳಗ. ಆಮೇಲೆ ಒಬ್ಬ ಬಾಳೆ ಎಲೆ ಒರೆಸ್ತಾ ನಿಂತಿದ್ದಾನೆ. ಇಷ್ಟಕ್ಕೂ ನಾದಸ್ವರ ಬೇರೆ. ಅದು ಮುಗಿಯೋ ಹೊತ್ತಿಗೆ ಮಗಳು ಅಂತರಪಟದ ಹಿಂದೆ ಇದ್ದಾಳೆ. ಹಾರ್ಕೊಂಡು ಹೋದ್ಲಾ? ನಮ್ಮ ಮನೆಯವಳು ಬೆಳಗ್ಗಿಂದ ಬಾಯಿಗೆ ನೀರು ಹಾಕಿಲ್ಲ. ನನ್ನ ತಮ್ಮನ್ನ ನೀವೇ ದುಡ್ಡು ಕೊಟ್ಟು ತೆಗೆಸಿದ್ದೀರ ಅಂತಾಳೆ."

ದುಡ್ಡು ಕೊಟ್ಟು ಏನನ್ನಾದರೂ ಮಾಡಿಸುವ ಪೈಕಿ ಅವರಲ್ಲ. ಬಾಕಿ ಇನ್ನೂ ಹನ್ನೆರಡು ಸಾವಿರ ಬರಬೇಕಿತ್ತು. ಆದರೂ ತಪ್ಪು ನನ್ನದೇ. ಒಬ್ಬ ದೊಡ್ಡ ಮನುಷ್ಯ, ರೇಷ್ಮೆ ಪಂಚೆ ಉಟ್ಟು, ಸೊಂಟನೋವಿನ ಬೆಲ್ಟು ಕಾಣದ ಹಾಗೆ ಶಲ್ಯ ಸುತ್ತಿ, ಎಂಬಿಎ ಓದಿದ ಸೊಸೆಯನ್ನು ನಲವತ್ತು ಹೆಜ್ಜೆ ಎತ್ತಿಕೊಂಡು ನಡೆದದ್ದು ವಡೆಯಾಗಿ ಹೇಗೆ ಬದಲಾಯಿತು ಎನ್ನುವುದೇ ಈ ಬರಹ.

ಮಗುವಿಗೆ ಹೆಸರಿಡಬೇಕಾದರೆ ನಾವು ನಕ್ಷತ್ರ ನೋಡುತ್ತೇವೆ, ಪಾದ ನೋಡುತ್ತೇವೆ, ಅಜ್ಜಿಯ ಮುಖ ನೋಡುತ್ತೇವೆ. ಕ್ಯಾಮೆರಾಗೆ ಆ ತಾಪತ್ರಯವಿಲ್ಲ. ಅದು ಹೆಸರಿಡುವುದು ಜೈಲಿನವರು ಇಟ್ಟ ಹಾಗೆ: ಸಿ 0001, ಸಿ 0002, ಸಿ 0003. ಆ ದಿನ ನಮ್ಮಲ್ಲಿದ್ದದ್ದು ಒಂದೇ ಕಂಪನಿಯ ಎರಡು ಕ್ಯಾಮೆರಾ. ಎರಡನ್ನೂ ನಮ್ಮ ಹುಡುಗ ಬೆಳಗ್ಗೆಯೇ ಶ್ರದ್ಧೆಯಿಂದ ರೀಸೆಟ್ ಮಾಡಿದ್ದ. ಹಾಗಾಗಿ ಜಗತ್ತಿನಲ್ಲಿ ಎರಡೆರಡು ಸಿ 0043, 0044, 0045 ಹುಟ್ಟಿಕೊಂಡವು. ಮೊದಲ ಕ್ಯಾಮೆರಾದಲ್ಲಿ ಆ ಮೂರೂ ಸೋದರಮಾವನೇ: ಎತ್ತಿಕೊಂಡದ್ದು, ನಡೆದದ್ದು, ಇಳಿಸಿ ಬೆವರು ಒರೆಸಿಕೊಂಡದ್ದು. ಎರಡನೇ ಕ್ಯಾಮೆರಾದ ಕೊನೆಯ ಕಾರ್ಡಿನಲ್ಲಿ ಇದ್ದದ್ದೂ ಆ ಮೂರೇ ನಂಬರು, ಮೂರೂ ಅಡುಗೆಮನೆಯವು. ಈ ಕೊನೆಯ ಕಾರ್ಡನ್ನು ಮೊದಲ ಕ್ಯಾಮೆರಾದ 'ಮದುವೆ' ಎಂಬ ಫೋಲ್ಡರಿಗೇ ಸುರಿಯುವಾಗ ಕಂಪ್ಯೂಟರು ಮರ್ಯಾದೆಯಿಂದ ಕೇಳಿತು: ಇದೇ ಹೆಸರಿನವರು ಒಳಗಿದ್ದಾರೆ, ತೆಗೆದು ಇವರನ್ನು ಕೂರಿಸಲೇ? ನಮ್ಮ ಹುಡುಗ ಓದಲಿಲ್ಲ. ಕಂಪ್ಯೂಟರು ಏನು ಕೇಳಿದರೂ ಹೂಂ ಅನ್ನುವುದು ಅವನಿಗೆ ಮೈಗೂಡಿದ ಸೌಜನ್ಯ. ಮೂಲ ಕಾರ್ಡು ಮಾರನೇ ದಿನ ಇನ್ನೊಂದು ಛತ್ರಕ್ಕೆ ಹೋಗಿ, ಅದರ ಮೇಲೆ ಬೇರೆ ಯಾರದೋ ಸೋದರಮಾವ ಕೂತಾಗಿತ್ತು.

ಎಡಿಟ್ ಮಾಡುವಾಗಲಾದರೂ ಗೊತ್ತಾಗಬೇಡವೇ? ಹುಡುಗ ಕ್ಲಿಪ್ಪುಗಳನ್ನು ನಂಬರಿನ ಪ್ರಕಾರ ಸಾಲಾಗಿ ಕೂರಿಸಿದ. 42 ಆದ ಮೇಲೆ 43. ಲೆಕ್ಕದಲ್ಲಿ ತಪ್ಪು ಹುಡುಕಿ ನೋಡೋಣ.

ನನ್ನ ವೃತ್ತಿಬಾಂಧವರ ಗುಟ್ಟು ಬಿಟ್ಟುಕೊಡುತ್ತೇನೆ. ನಮ್ಮ ರೇಟ್ ಕಾರ್ಡು ತೆಗೆದು ನೋಡಿ. ಡ್ರೋನ್‌ಗೆ ಒಂದು ಸಾಲು ಇದೆ. ಕ್ಯಾಂಡಿಡ್‌ಗೆ ಇದೆ, ಪ್ರೀ ವೆಡ್ಡಿಂಗ್‌ಗೆ ಇದೆ, ಕರಿಜ್ಮಾ ಆಲ್ಬಮ್ಮಿಗೆ ಇದೆ, ಎಲ್ಇಡಿ ಗೋಡೆಗೆ ಇದೆ. ತೆಗೆದದ್ದನ್ನು ಜೋಡಿಸಿ ಇಡುವುದಕ್ಕೆ ಸಾಲಿಲ್ಲ. ಒಮ್ಮೆ ಧೈರ್ಯ ಮಾಡಿ "ಫುಟೇಜ್ ವಿಂಗಡಣೆ" ಅಂತ ಒಂದೂವರೆ ಸಾವಿರ ಸೇರಿಸಿದ್ದೆ. ಹುಡುಗನ ಕಡೆಯ ಚಿಕ್ಕಪ್ಪ, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಕನ್ನಡಕ ಏರಿಸಿ ಕೇಳಿದರು: "ಅದನ್ನ ಕಂಪ್ಯೂಟರೇ ಮಾಡಲ್ವಾ?" ಜೀವಮಾನವಿಡೀ ವೋಚರು ವಿಂಗಡಿಸಿದ ಮನುಷ್ಯ ಅವರು! ಅವತ್ತೇ ಆ ಸಾಲು ಹೊಡೆದುಹಾಕಿದೆ.

ಕಂಪ್ಯೂಟರು ಏನು ಮಾಡುತ್ತದೆ ನೋಡೋಣ. ಫೋರ್‌ಕೆ ವಿಡಿಯೋ, ಸೆಕೆಂಡಿಗೆ 100 ಮೆಗಾಬಿಟ್ ಎಂದಿಟ್ಟುಕೊಂಡರೆ, ಒಂದು ಗಂಟೆಗೆ 45 ಜಿಬಿ. ಎರಡು ದಿನದ ಮದುವೆ, ಎರಡು ಕ್ಯಾಮೆರಾ, ಮೇಲೊಂದು ಡ್ರೋನು: ಹನ್ನೆರಡು ಗಂಟೆಯ ಮಾಲು, ಅರ್ಧ ಟಿಬಿಗಿಂತ ಹೆಚ್ಚು. ವಿಎಚ್ಎಸ್ ಕಾಲದಲ್ಲಿ ಕ್ಯಾಸೆಟ್ಟಿಗೆ ದುಡ್ಡು ಕೊಡಬೇಕಿತ್ತು, ಮೂರು ಗಂಟೆಗೆ ಮುಗಿದೂ ಹೋಗುತ್ತಿತ್ತು. ಹಾಗಾಗಿ ಕ್ಯಾಮೆರಾಮನ್ ಬೆರಳಿನಲ್ಲಿ ವಿವೇಕ ಇತ್ತು. ಈಗ ಕಾರ್ಡು ಅಳಿಸಿದರೆ ಹೊಸದು, ಒತ್ತಿದ ಬೆರಳು ಬಿಡುವುದೇ ಇಲ್ಲ. ಕಾಲುಂಗುರ ತೊಡಿಸುವುದನ್ನು ನಾಲ್ಕು ಕಡೆಯಿಂದ ತೆಗೆಯುತ್ತೇವೆ, ಐದನೆಯದು ಮೇಲಿನಿಂದ. ಐದೂ ಮಸುಕು.

ಹಾಲಿವುಡ್ಡಿನಲ್ಲಿ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಚಿತ್ರಕ್ಕೆ ಸುಮಾರು 480 ಗಂಟೆಯ ಫುಟೇಜ್ ಬಂದಿತ್ತಂತೆ. ದಿನಕ್ಕೆ ಎಂಟು ಗಂಟೆ ಕೂತು ಬರೀ ನೋಡಿದರೂ ಎರಡು ತಿಂಗಳು. ಅದನ್ನು ಎರಡು ಗಂಟೆಗೆ ಇಳಿಸಿದ ಮಾರ್ಗರೆಟ್ ಸಿಕ್ಸೆಲ್ 2016ರಲ್ಲಿ ಆಸ್ಕರ್ ತಗೊಂಡರು. ನಿರ್ದೇಶಕ ಜಾರ್ಜ್ ಮಿಲ್ಲರ್ ಆಕೆಯ ಗಂಡ. ಆಕೆಯ ಪ್ರತಿಭೆಗೆ ಕೈಮುಗಿಯುತ್ತೇನೆ, ಆದರೆ ಅನುಕೂಲವನ್ನೂ ಗಮನಿಸಬೇಕು: ಬಿಸಾಡಿದ 478 ಗಂಟೆಯಲ್ಲಿದ್ದ ಒಬ್ಬನ ಅಕ್ಕನೂ ಊಟ ಬಿಟ್ಟು ಕೂರಲಿಲ್ಲ.

ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಮಾಲು ಜೋಡಿಸುವ ಫೋಲ್ಡರಿಗೆ ಬಿನ್ ಅಂತ ಹೆಸರು. ಇದರ ಹಿಂದೊಂದು ಕುಲೀನ ಇತಿಹಾಸವಿದೆ. ರೀಲಿನ ಕಾಲದಲ್ಲಿ ಎಡಿಟಿಂಗ್ ರೂಮಿನಲ್ಲಿ ಒಳಗಡೆ ಬಟ್ಟೆ ಹೊದಿಸಿದ ದೊಡ್ಡ ತೊಟ್ಟಿ ಇರುತ್ತಿತ್ತು, ಮೇಲಿನ ಅಡ್ಡಪಟ್ಟಿಗೆ ಸಾಲಾಗಿ ಮೊಳೆ. ಕತ್ತರಿಸಿದ ತುಂಡುಗಳನ್ನು ಶಾವಿಗೆ ಒಣಹಾಕಿದ ಹಾಗೆ ಮೊಳೆಗೆ ಸಿಕ್ಕಿಸಿದರೆ ಬಾಲ ತೊಟ್ಟಿಯೊಳಗೆ ಇಳಿಬೀಳುತ್ತಿತ್ತು, ಗೀರು ಬೀಳದೆ ಧೂಳು ತಾಗದೆ. ಯಾವ ಮೊಳೆಯಲ್ಲಿ ಯಾವ ಶಾಟು ಎಂಬುದು ಅಸಿಸ್ಟೆಂಟಿಗೆ ಕಂಠಪಾಠ. ಇಷ್ಟನ್ನೂ ನಮ್ಮ ಹುಡುಗನಿಗೆ ಒಂದು ಮಧ್ಯಾಹ್ನ ಟೀ ಕುಡಿಸಿ ವಿವರಿಸಿದೆ. ತಲೆಯಾಡಿಸಿದ. ಸಂಜೆ ನೋಡಿದರೆ ಕೆಟ್ಟ ಶಾಟುಗಳೆಲ್ಲ ಅಚ್ಚುಕಟ್ಟಾಗಿ ಬಿನ್ನಿನಲ್ಲಿವೆ, ಧಾರೆ, ತಾಳಿ, ಸಪ್ತಪದಿ ಹೊರಗೆ ಅನಾಥವಾಗಿ ಬಿದ್ದಿವೆ.

"ಬಿನ್ ಅಂದ್ರೆ ಕಸದ್ದಲ್ವಾ ಅಣ್ಣ?"

ಅವನನ್ನು ಬೈಯುವಂತಿಲ್ಲ. ಕೆಟ್ಟದ್ದನ್ನಾದರೂ ವಿಂಗಡಿಸಿದ್ದ, ನಾನು ಅದನ್ನೂ ಮಾಡಿದವನಲ್ಲ. ಮುಂದಿನ ಪಾಠವಾಗಿ ಬಣ್ಣ ಕಲಿಸಿದೆ. ಅಡೋಬಿ ಪ್ರೀಮಿಯರ್‌ನಲ್ಲಿ ಕ್ಲಿಪ್ಪಿಗೆ ಬಣ್ಣದ ಲೇಬಲ್ ಹಚ್ಚಬಹುದು. ಬಣ್ಣಗಳ ಹೆಸರು ಸೀರೆ ಅಂಗಡಿಯವರನ್ನೂ ನಾಚಿಸುತ್ತವೆ: ಐರಿಸ್, ಕ್ಯಾರಿಬಿಯನ್, ಲ್ಯಾವೆಂಡರ್, ಸೆರೂಲಿಯನ್, ಫಾರೆಸ್ಟ್, ಮ್ಯಾಂಗೋ. ಸಂಪ್ರದಾಯಕ್ಕೆ ಒಂದು, ಜನರಿಗೆ ಒಂದು, ಊಟಕ್ಕೆ ಒಂದು ಹಚ್ಚು ಅಂದೆ. ಮಾರನೇ ದಿನ ಇಡೀ ಮದುವೆ ಮಾವಿನ ಬಣ್ಣಕ್ಕೆ ತಿರುಗಿತ್ತು. ಅವನಿಗೆ ಅರ್ಥವಾದ ಹೆಸರು ಅದೊಂದೇ. ಕ್ಯಾರಿಬಿಯನ್ ಅಂದರೆ ಕ್ರಿಕೆಟ್ ಅಲ್ವಾ ಅಣ್ಣ ಅಂದ.

ಫೈಲಿನ ಹೆಸರುಗಳ ವಿಷಯ ಎತ್ತಬಾರದು ಅಂತಿದ್ದೆ, ಎತ್ತುತ್ತೇನೆ. ನಮ್ಮ ಡಿಸ್ಕಿನಲ್ಲಿ ಒಂದೇ ಮದುವೆಗೆ ಇರುವ ಪ್ರಾಜೆಕ್ಟುಗಳು ಇವು: 'ಫೈನಲ್'. 'ಫೈನಲ್ ಅತ್ತೆ ಹೇಳಿದ್ದು'. 'ಫೈನಲ್ ಅತ್ತೆ ಹೇಳಿದ್ದು ತೆಗೆದು'. 'ದೇವ್ರಾಣೆ ಫೈನಲ್'. 'ಬೀಗರಿಗೆ ಬೇರೆ'. ಕೊನೆಯದು 'ಅಅಅಅ', ಅಕಾರಾದಿಯಲ್ಲಿ ಮೇಲೆ ಬರಲಿ ಎಂದು. ಇದರಲ್ಲಿ ನಿಜವಾದ ಕೊನೆಯದು ಯಾವುದೆಂದು ತಿಳಿಯಬೇಕಾದರೆ ಆ ಮನೆಯಲ್ಲಿ ಕೊನೆಯ ಮಾತು ಯಾರದು ಅಂತ ಗೊತ್ತಿರಬೇಕು. ಒಂದು ಕುಟುಂಬದ ಇಡೀ ರಾಜಕೀಯ ಶಾಸ್ತ್ರ ಆ ಆರು ಹೆಸರಿನಲ್ಲಿದೆ. ಆದರೆ ಹುಡುಗಿ ಮನೆಯವರು ಹುಡುಗನ ಮನೆಯವರ ಪೆನ್‌ಡ್ರೈವ್ ಹಾಕಿ ನೋಡುವ ದಿನ ಆ ಶಾಸ್ತ್ರ ನಮ್ಮ ನೆರವಿಗೆ ಬರುವುದಿಲ್ಲ.

ನಮ್ಮಮ್ಮನ ಅಡುಗೆಮನೆಯೂ ಹೀಗೇ. ಹಾರ್ಲಿಕ್ಸ್ ಬಾಟಲಿಯಲ್ಲಿ ಹುರಿಗಡಲೆ, ಮಾವಿನಕಾಯಿ ಉಪ್ಪಿನಕಾಯಿ ಅಂತ ಬರೆದ ಡಬ್ಬಿಯಲ್ಲಿ ರವೆ. ಅಮ್ಮ ಇರುವವರೆಗೆ ತೊಂದರೆಯೇನಿಲ್ಲ. ತಂಗಿಯ ಬಾಣಂತನಕ್ಕೆ ಅಂತ ಮೂರು ತಿಂಗಳು ಹೋದಾಗ ಅಪ್ಪ ಅಡುಗೆ ಸೋಡಾ ಹಾಕಿ ಕಾಫಿ ಕುಡಿದು, ಸಕ್ಕರೆ ಕಾರ್ಖಾನೆಯವರನ್ನು ಬೈದರು. ಹೆಸರಿನ ಹಂಗಿಲ್ಲದ ವ್ಯವಸ್ಥೆ ಒಂದು ತಲೆಯೊಳಗೆ ಮಾತ್ರ ಓಡುತ್ತದೆ. ತಲೆ ಬಸ್ ಹತ್ತಿದರೆ ನಿಂತಿತು.

ಇನ್ನೊಂದು ಮೂಢನಂಬಿಕೆ ಪ್ರಾಜೆಕ್ಟ್ ಫೈಲಿನದು. ಬಹಳ ಜನ, ನಮ್ಮವರೇ, ಮದುವೆ ಅದರೊಳಗೆ ಇದೆ ಅಂತ ತಿಳಿದಿದ್ದಾರೆ. ಇಲ್ಲ. ಪ್ರಾಜೆಕ್ಟ್ ಫೈಲು ಲಗ್ನಪತ್ರಿಕೆ ಇದ್ದ ಹಾಗೆ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಬರೆದಿರುತ್ತದೆ, ಹುಡುಗ ಹುಡುಗಿ ಅದರೊಳಗೆ ಕೂತಿರುವುದಿಲ್ಲ. ಪತ್ರಿಕೆಯನ್ನು ಜೋಪಾನವಾಗಿಟ್ಟು ಛತ್ರ ಕೆಡವಿದರೆ ಏನಾಗಬೇಕೋ ಅದೇ ಆಗುತ್ತದೆ. ಡಿಸ್ಕು ಬದಲಾಯಿಸಿ, ಫೋಲ್ಡರಿನ ಹೆಸರು ತಿದ್ದಿ, ಪ್ರೀಮಿಯರ್ ತೆರೆದರೆ ತಾಳಿ ಕಟ್ಟುವ ಜಾಗದಲ್ಲಿ ಕೆಂಪು ಪರದೆ: ಮೀಡಿಯಾ ಆಫ್‌ಲೈನ್. ಆ ಪರದೆಯ ಮೇಲೆ ಅದೇ ಅಮಂಗಳವನ್ನು ಫ್ರೆಂಚ್, ಜರ್ಮನ್, ಜಪಾನಿ, ಕೊರಿಯನ್ ಅಂತ ಹಲವು ಭಾಷೆಗಳಲ್ಲಿ ಬರೆದಿರುತ್ತಾರೆ. ಕನ್ನಡ ಇಲ್ಲ. ರಾಜ್ಯೋತ್ಸವದ ಭಾಷಣಕಾರರ ಗಮನಕ್ಕೆ ತರಬೇಕು. ನಮ್ಮ ಕಷ್ಟ ನಮ್ಮ ಭಾಷೆಯಲ್ಲಿ ತಿಳಿಯುವುದು ನಮ್ಮ ಹಕ್ಕು.

ವಿಂಗಡಣೆಗೆ ನಮ್ಮಲ್ಲಿ ಒಂದು ಮುಹೂರ್ತವಿದೆ. ಆಷಾಢ. ಮದುವೆ ಇಲ್ಲದ ತಿಂಗಳು. "ಆಷಾಢದಲ್ಲಿ ಕೂತು ಎಲ್ಲ ಜೋಡಿಸಿಬಿಡೋಣ" ಎಂದು ವೈಶಾಖದಲ್ಲಿ ಹೇಳುತ್ತೇವೆ, ಜ್ಯೇಷ್ಠದಲ್ಲಿ ಹೇಳುತ್ತೇವೆ. ಆಷಾಢ ಬರುತ್ತದೆ. ಮಳೆ ಬರುತ್ತದೆ, ಕರೆಂಟು ಹೋಗುತ್ತದೆ, ಚಾಮುಂಡಿ ಬೆಟ್ಟಕ್ಕೆ ಹೋಗಿಬರುವುದಿರುತ್ತದೆ. ಶ್ರಾವಣ ಬಂದೇ ಬಿಡುತ್ತದೆ.

ಆಯುಧಪೂಜೆಯನ್ನು ಮಾತ್ರ ತಪ್ಪಿಸುವುದಿಲ್ಲ. ಅಂದು ಹಾರ್ಡ್‌ಡಿಸ್ಕುಗಳನ್ನು ಬೀರುವಿನಿಂದ ತೆಗೆದು ಒರೆಸಿ, ಸಾಲಾಗಿ ಇಟ್ಟು, ಒಂದೊಂದಕ್ಕೂ ವಿಭೂತಿ ಪಟ್ಟೆ, ನಡುವೆ ಕುಂಕುಮ. ಬೂದುಗುಂಬಳ ಒಡೆಯುತ್ತೇವೆ. ಹದಿನಾಲ್ಕು ಡಿಸ್ಕಿನಲ್ಲಿ ಎರಡರ ಮೇಲೆ ಏನಿದೆ ಅಂತ ಬರೆದಿತ್ತು. ಆ ಬರಹದ ಮೇಲೆಯೇ ವಿಭೂತಿ ಬಿದ್ದಿದೆ. ಬಲ್ಲವರು 3-2-1 ಅನ್ನುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ನಮ್ಮಲ್ಲೂ ಮೂರು ಪ್ರತಿ ಇರುತ್ತದೆ. ನನ್ನ ಹತ್ತಿರ ಇದೆ ಅಂತ ಹುಡುಗ ತಿಳಿದಿರುತ್ತಾನೆ, ಹುಡುಗನ ಹತ್ತಿರ ಇದೆ ಅಂತ ನಾನು, ಇಬ್ಬರ ಹತ್ತಿರವೂ ಇದೆ ಅಂತ ಪಾರ್ಟಿಯವರು.

ಪಾರ್ಟಿಯವರನ್ನು ಸಮಾಧಾನ ಮಾಡಲು ನಾನು ಕೆಲವು ದೊಡ್ಡ ಉದಾಹರಣೆ ಇಟ್ಟುಕೊಂಡಿದ್ದೇನೆ. ಹುಡುಗಿಯ ತಂದೆಗೂ ಫೋನಿನಲ್ಲೇ ಹೇಳಿದೆ. ಅಪೊಲೊ 11 ಚಂದ್ರನ ಮೇಲಿಳಿದಾಗ ಅಲ್ಲಿಂದ ನೇರ ಬಂದ ಚಿತ್ರಸಂಕೇತ ಬರೆದಿಟ್ಟ ಮೂಲ ಟೇಪುಗಳು ನಾಸಾದಲ್ಲೇ ಕಾಣೆಯಾದವು. ಬಹುಮಟ್ಟಿಗೆ ಅಳಿಸಿ ಮತ್ತೆ ಬಳಸಿರಬೇಕು ಅಂತ 2009ರಲ್ಲಿ ಅವರೇ ಒಪ್ಪಿಕೊಂಡರು. ಅಷ್ಟೇ ಏಕೆ, ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ', 1934ರದ್ದು, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಇದ್ದದ್ದು, ಇವತ್ತು ನೋಡೋಣವೆಂದರೆ ಒಂದು ಪ್ರಿಂಟಿಲ್ಲ. ನಾಗೇಂದ್ರರಾಯರ ರಾವಣನೇ ಹೋಗಿಬಿಟ್ಟ ಮೇಲೆ ನಿಮ್ಮ ಭಾಮೈದ...

"ನನ್ನ ಭಾಮೈದ ರಾವಣನಿಗಿಂತ ಹೆಚ್ಚು ಕಣಯ್ಯಾ. ಆ ಹೆಂಗಸು ಇಲ್ಲೇ ಕೂತಿದ್ದಾಳೆ, ಮೆಲ್ಲಗೆ ಮಾತಾಡು" ಅಂದರು.

ಅವರಿಗೆ 'ಟಾಯ್ ಸ್ಟೋರಿ 2' ಕತೆ ಹೇಳಬೇಕಿತ್ತು. 1998ರಲ್ಲಿ ಪಿಕ್ಸಾರಿನಲ್ಲಿ ಯಾರೋ ಒಂದು ಅಳಿಸುವ ಆಜ್ಞೆ ಕೊಟ್ಟು, ತಯಾರಾಗುತ್ತಿದ್ದ ಸಿನಿಮಾದ ಬಹುಪಾಲು ಕಣ್ಣೆದುರೇ ಕರಗಿತು. ಬ್ಯಾಕಪ್ ನೋಡಿದರೆ ಅದೂ ಕೆಟ್ಟಿತ್ತು. ಉಳಿಸಿದವರು ಗ್ಯಾಲಿನ್ ಸಸ್‌ಮನ್ ಎಂಬ ತಾಂತ್ರಿಕ ನಿರ್ದೇಶಕಿ. ಹೆರಿಗೆಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದರು, ಹಾಗಾಗಿ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಆ ಕಂಪ್ಯೂಟರಿಗೆ ಕಂಬಳಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿ ಕೂರಿಸಿ, ನಿಧಾನಕ್ಕೆ ಓಡಿಸಿಕೊಂಡು ಬಂದರು. ಬಾಣಂತಿಗೆ ಮಾಡುವ ಉಪಚಾರವೆಲ್ಲ ಕಂಪ್ಯೂಟರಿಗೆ ಸಂದಿತು. ಈ ಕತೆ ಹೇಳಿದಾಗಿನಿಂದ ನಮ್ಮ ಹುಡುಗ ಡಿಸ್ಕುಗಳಿಗೆ ಟವೆಲ್ ಸುತ್ತಿ ಇಡುತ್ತಿದ್ದಾನೆ. ಪ್ರತಿ ಮಾಡಿಲ್ಲ. ಟವೆಲ್ ಮಾತ್ರ ತೆಗೆದುಕೊಂಡ.

ಇನ್ನು ಈ ಕೃತಕ ಬುದ್ಧಿಮತ್ತೆ. ಅಣ್ಣ, ಇನ್ಮೇಲೆ ಜೋಡಿಸೋದೇ ಬೇಡ, ಮುಖ ನೋಡಿ ಅದೇ ಬಿನ್ ಮಾಡ್ಕೊಳತ್ತೆ ಅಂತ ನಮ್ಮ ಹುಡುಗ ಒಂದು ಸಾಫ್ಟ್‌ವೇರ್ ಹಾಕಿಕೊಂಡು ಬಂದ. ಹಳೆಯ ಮದುವೆಯೊಂದರ ಮೇಲೆ ಓಡಿಸಿದೆವು. ಅರಿಶಿನ ಶಾಸ್ತ್ರದ ಹುಡುಗಿಗೆ ಒಂದು ಬಿನ್ನು, ಬ್ಯೂಟಿ ಪಾರ್ಲರಿನಿಂದ ಬಂದ ಹುಡುಗಿಗೆ ಇನ್ನೊಂದು. ಅದರ ದೃಷ್ಟಿಯಲ್ಲಿ ಮದುಮಗ ಒಬ್ಬಳ ಕೈಗೆ ಕಂಕಣ ಕಟ್ಟಿ ಮತ್ತೊಬ್ಬಳ ಕೊರಳಿಗೆ ತಾಳಿ ಕಟ್ಟಿದ್ದ. ಮೈಸೂರು ಪೇಟ ಸುತ್ತಿದ ಮೀಸೆಯವರೆಲ್ಲ ಒಂದೇ ಬಿನ್ನಿಗೆ ಬಿದ್ದರು, ಬೀಗರು, ಶಾಸಕರು, ಗೋಡೆಯ ಮೇಲಿದ್ದ ವಿಶ್ವೇಶ್ವರಯ್ಯನವರು ಸಮೇತ. ಇಷ್ಟಾದರೂ ಅದು ನಮ್ಮ ಹುಡುಗನಿಗಿಂತ ಮೇಲು ಎಂಬುದನ್ನು ಅವನ ಎದುರಿಗೆ ಹೇಳಲಿಲ್ಲ.

ಕಡೆಗೆ ಸೋದರಮಾವನೇ ಅಂಗಡಿಗೆ ಬಂದರು. ಜಗಳಕ್ಕೆ ಅಂದುಕೊಂಡೆ. ಪಾಪ, ಕೈಯಲ್ಲಿ ಬಟ್ಟೆಯ ಚೀಲ. ಒಳಗೆ ಅದೇ ರೇಷ್ಮೆ ಪಂಚೆ, ಅದೇ ಶಲ್ಯ, ಇಸ್ತ್ರಿ ಮಾಡಿದ್ದು.

"ನೋಡ್ರೀ, ಆಗಿದ್ದು ಆಯ್ತು. ಅಕ್ಕನ ಕಣ್ಣೀರು ನೋಡಕ್ಕಾಗಲ್ಲ. ಇನ್ನೊಂದ್ಸಲ ತೆಗೀರಿ."

"ಹುಡುಗಿ ಬೇಕಲ್ಲ ಸಾರ್?"

"ಅವಳು ಅಮೆರಿಕಕ್ಕೆ ಹೋಗಿ ನಾಲ್ಕು ತಿಂಗಳಾಯ್ತು. ಅದೇನೋ ಹಸಿರು ಬಟ್ಟೆ ಕಟ್ಟಿ ಎಲ್ಲಾನೂ ಮಾಡ್ತಾರಂತಲ್ಲ, ಸಿನಿಮಾದೋರು."

ಇಪ್ಪತ್ತು ವರ್ಷದ ಅನುಭವದಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಸಹಕರಿಸಿದ ಪಾರ್ಟಿ ನೋಡಿಲ್ಲ. ಹಿಂದಿನ ಗೋಡೆಗೆ ಹಸಿರು ಬಟ್ಟೆ ಬಿಗಿದೆವು. ಉಳಿದ ಬಟ್ಟೆಯನ್ನು ನಮ್ಮ ಹುಡುಗನಿಗೆ ತಲೆಯಿಂದ ಕಾಲಿನವರೆಗೆ ಸುತ್ತಿದೆವು, ಉಸಿರಾಡಲು ಒಂದು ಸಂದು ಬಿಟ್ಟು. ಮಾವನವರು ಪಂಚೆ ಉಟ್ಟು, ಬೆಲ್ಟು ಬಿಗಿದು, ಅದರ ಮೇಲೆ ಶಲ್ಯ ಸುತ್ತಿ, ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಅವನನ್ನು ಎತ್ತಿದರು. ಅಂಗಡಿ ಉದ್ದಕ್ಕೆ ಆರೇ ಹೆಜ್ಜೆ, ಹಾಗಾಗಿ ಏಳು ಸಲ ನಡೆದರು. ನಾಲ್ಕನೇ ಸಲಕ್ಕೆ ಅವರ ಕಣ್ಣಲ್ಲಿ ನೀರು ಬಂತು. ಸೊಸೆಯ ನೆನಪೋ ಸೊಂಟವೋ ಗೊತ್ತಾಗಲಿಲ್ಲ, ಕ್ಯಾಮೆರಾದಲ್ಲಿ ಎರಡೂ ಒಂದೇ ಥರ ಕಾಣುತ್ತದೆ. ಮದುವೆಯ ದಿನ ಛತ್ರದ ಬಾಗಿಲಲ್ಲಿ ನಾನೇ ನಿಂತು ತೆಗೆದಿದ್ದೆ. ಅಂದೂ ಅದೇ ಮುಖ ಇತ್ತು, ತುಟಿ ಕಚ್ಚಿಕೊಂಡು, ದೃಷ್ಟಿ ನೆಲದ ಮೇಲೆ. ಆಗ ನಾನು ಆ ಮುಖ ನೋಡಿರಲಿಲ್ಲ, ಫೋಕಸ್ ನೋಡುತ್ತಿದ್ದೆ.

ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದೆ. ಮಾವನವರು ಬೆಂಚಿನ ಮೇಲೆ ಮಲಗಿ ಗಾಳಿ ಹಾಕಿಕೊಳ್ಳುತ್ತಿದ್ದರು. "ಈ ಸಲ ತಪ್ಪಾಗಬಾರದು ಕಣೋ" ಅಂದೆ ಹುಡುಗನಿಗೆ.

"ಇಲ್ಲಣ್ಣ. ಗೊಂದಲ ಆಗಬಾರದು ಅಂತ ಹೊಸ ಕಾರ್ಡು ಹಾಕಿ ನಂಬರ್ ರೀಸೆಟ್ ಮಾಡಿದೀನಿ" ಅಂತ ಹಸಿರು ಬಟ್ಟೆಯೊಳಗಿಂದ ಧ್ವನಿ ಬಂತು.

ಅಷ್ಟು ಹೊತ್ತಿಗೆ ಪರದೆಯ ಮೇಲೆ ಆ ಪುಟ್ಟ ಚೌಕ ಮೂಡಿತ್ತು. 'ಮದುವೆ' ಫೋಲ್ಡರಿನಲ್ಲಿ ಸಿ 0001 ಆಗಲೇ ಇದೆ, ತೆಗೆದು ಇದನ್ನು ಹಾಕಲೇ?

ಸಿ 0001 ಅಂದರೆ ಗಣಪತಿ ಪೂಜೆ. ನಾನು ಬಾಯಿ ತೆರೆಯುವ ಮೊದಲೇ ಹಸಿರು ಬಟ್ಟೆಯಿಂದ ಒಂದು ಕೈ ಹೊರಬಂದು ಮೌಸಿನ ಕಡೆಗೆ ಹೋಯಿತು.